ಮ್ಯಾಗ್ನೆಟ್ಟಿಗೆ ಇಟ್ಟ ಕುಂಕುಮ

ನಮ್ಮ ಟ್ರಾಕ್ಟರಿಗೆ ಬ್ಯಾಟರಿ ಇಲ್ಲ. ಮುಂದೆ ಹ್ಯಾಂಡ್ಲು ಸಿಕ್ಕಿಸಿ ಕೈಯಲ್ಲೇ ತಿರುವಬೇಕು. ತಿರುವಿದರೆ ಇಂಜಿನ್ನಿನ ಪಕ್ಕದಲ್ಲಿರುವ ಮ್ಯಾಗ್ನೆಟ್ಟು ಕಿಡಿ ಹುಟ್ಟಿಸುತ್ತದೆ. ಅದರ ತಲೆಯ ಮೇಲಿನ ಕರಿ ಮುಚ್ಚಳದಿಂದ ವೈರುಗಳು ಹೊರಟು ಆ ಕಿಡಿಯನ್ನು ಪ್ಲಗ್ಗುಗಳಿಗೆ ಮುಟ್ಟಿಸುತ್ತವೆ. ಅದರ ವಿದ್ಯೆ ಇಷ್ಟೇ. ನನ್ನದೂ ಅಷ್ಟೇ, ಮೂರನೇ ಕ್ಲಾಸು.

ನನ್ನ ಗಂಡ ಅದನ್ನು ಕೊಂಡಾಗಲೇ ಅದು ಮುದಿಯಾಗಿತ್ತು. ಆತ ಹೋದ ಮೇಲೂ ನಾವು ಇಟ್ಟುಕೊಂಡಿರುವುದು ಪ್ರೀತಿಗೇನೂ ಅಲ್ಲ. ಕೆಳಗಿನ ಹೊಲಕ್ಕೆ ಇಳಿಯುವ ದಾರಿ ಕಿರಿದು. ಈಗಿನ ದೊಡ್ಡ ಟ್ರಾಕ್ಟರುಗಳು ಅಲ್ಲಿ ತಿರುಗುವುದಿಲ್ಲ.

ಹೋದ ವರ್ಷ ಆಯುಧ ಪೂಜೆ ಮುಗಿದ ಮೇಲೆ ಮಳೆ ಹಿಡಿದು, ಹುರಳಿ ಬಿತ್ತುವ ಹದ ಬಂತು. ಮಗ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಸಿಕ್ಕಿದ್ದು ಒಂದು ದಿನದ ಲೀವು. ಬಾಡಿಗೆಗೆ ಸಿಗುವ ಸಣ್ಣ ಟ್ರಾಕ್ಟರುಗಳೆಲ್ಲ ಮತ್ತಿಗಿರಿ ಕಡೆ ಲೇಔಟಿಗೆ ಮಣ್ಣು ಹೊಡೆಯಲು ಹೋಗಿದ್ದವು. ಅವತ್ತು ಉತ್ತು ಬಿತ್ತದಿದ್ದರೆ ಹದ ಆರಿ ಹೊಲ ಬಿಗಿದುಕೊಳ್ಳುತ್ತಿತ್ತು. ಆಮೇಲೆ ವರ್ಷಪೂರ್ತಿ ಸಾರಿಗೂ ಹಸುವಿಗೂ ಅಂಗಡಿ ಹುರಳಿಯೇ ಗತಿ.

ಬೆಳಿಗ್ಗೆಯಿಂದ ಮಗ ತಿರುವಿದ. ಬೆವರು ಬಂತು, ಸದ್ದು ಬರಲಿಲ್ಲ.

ಪಕ್ಕದ ಹೊಲದವನು ಬೈಕು ನಿಲ್ಲಿಸಿ, "ಏನಕ್ಕ, ಮಗನ ಕೈಲಿ ರಾಗಿ ಬೀಸಿಸ್ತಾ ಇದ್ದೀಯಾ?" ಎಂದ.

"ಬಾ, ನೀನೂ ಒಂದು ಸೇರು ಬೀಸು" ಎಂದೆ. ಗಾಡಿ ಬಿಟ್ಟುಕೊಂಡು ಹೋದ.

"ಪೆಟ್ರೋಲು ಹೋಯ್ತಾ ಐತೇನ್ಲಾ?" ಎಂದು ಮಗನನ್ನು ಕೇಳಿದೆ.

"ಹೋಯ್ತಾ ಐತೆ ಕಣಮ್ಮ. ಪ್ಲಗ್ಗೆಲ್ಲಾ ನೆಂದು ತೊಪ್ಪೆ ಆಗವೆ."

ಪ್ಲಗ್ಗು ನೆಂದಿದೆ ಎಂದರೆ ಪೆಟ್ರೋಲು ಬಂದಿದೆ, ಕಿಡಿ ಬಂದಿಲ್ಲ. ಅವನ್ನು ಬಿಚ್ಚಿಸಿ, ಚೆನ್ನಾಗಿ ಒರೆಸಿ, ಒಲೆಯಿಂದ ಎಳೆದ ಕೆಂಡದ ಪಕ್ಕದಲ್ಲಿಟ್ಟು ಕಾಯಿಸಿದೆ. ನನ್ನ ಗಂಡನೂ ಹಾಗೇ ಮಾಡುತ್ತಿದ್ದ. ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದ ಸೊಸೆ ಮೂಗು ಮುಚ್ಚಿಕೊಂಡಳು.

"ಅತ್ತೆ, ಮುದ್ದೆ ಪೆಟ್ರೋಲ್ ನಾತ ಬಂದ್ರೆ ನನ್ನ ಕೇಳ್ಬ್ಯಾಡಿ."

"ನಿನ್ ಗಂಡ ಫ್ಯಾಕ್ಟ್ರಿ ನಾತ ಬಂದ್ರೂ ಒಳಕ್ಕೆ ಸೇರಿಸ್ಕೊಳ್ತೀಯಲ್ಲ, ಇದೂ ಹಂಗೇ."

ಕಾದ ಪ್ಲಗ್ಗು ಹಾಕಿದರೂ ಹತ್ತಲಿಲ್ಲ. ಮಗ ಮ್ಯಾಗ್ನೆಟ್ಟಿನ ಮುಚ್ಚಳ ತೆಗೆದು ಒಳಗೆ ಕಿಡಿ ಹುಟ್ಟಿಸುವ ಪಾಯಿಂಟನ್ನು ಉಪ್ಪುಕಾಗದದಲ್ಲಿ ತಿಕ್ಕಿದ. ಆಗಲೂ ಇಲ್ಲ. ಹೊತ್ತು ಏರುತ್ತಿತ್ತು. ಉಳಿದಿದ್ದು ಕಂಬಳಿ. ಕಿಡಿ ದಾರಿ ತಪ್ಪಿ ಎಲ್ಲೋ ಸೋರುತ್ತಿದ್ದರೆ ಹಗಲು ಬೆಳಕಿನಲ್ಲಿ ಕಾಣುವುದಿಲ್ಲ. ಕಂಬಳಿ ಹೊದ್ದು ಕತ್ತಲೆ ಮಾಡಿಕೊಂಡು ನೋಡಬೇಕು. ಪೆಟ್ರೋಲಿನ ನಲ್ಲಿ ಮುಚ್ಚಿಸಿ, ವಾಸನೆ ಹೋಗುವ ತನಕ ಕಾದು, ಮಗನನ್ನೂ ಮ್ಯಾಗ್ನೆಟ್ಟನ್ನೂ ಸೇರಿಸಿ ಕರಿ ಕಂಬಳಿ ಹೊದಿಸಿದೆ. ಹ್ಯಾಂಡ್ಲು ಸೊಸೆಯ ಕೈಗೆ ಕೊಟ್ಟೆ.

"ಹೆಬ್ಬೆರಳು ಒಳಕ್ಕೆ ಮಡಚ್ಬ್ಯಾಡ, ಬೆರಳುಗಳ ಪಕ್ಕಕ್ಕೇ ಇಟ್ಕೋ. ಇದು ಒದ್ರೆ ಮೂಳೆ ಮುರೀತದೆ."

ಅವಳು ಸೆರಗು ಸಿಕ್ಕಿಸಿ ತಿರುವಿದಳು. ಗಟ್ಟಿ ಹೆಂಗಸು. ಕಂಬಳಿಯೊಳಗಿಂದ ಮಗ ಕೂಗಿದ:

"ಇನ್ನೊಂದು ಸಲ. ಹಾಂ, ಸಿಕ್ತು. ಕಿಡಿ ವೈರಿಗೇ ಹೋಯ್ತಾ ಇಲ್ಲ. ಮುಚ್ಚಳದ ಮೇಲಿರೋ ಕುಂಕುಮದ ಮೇಲೇ ನೀಲಿಗೆ ಹರ್ಕೊಂಡು ಇಂಜಿನ್ ಮೈಗೆ ಇಳ್ದೋಯ್ತಾ ಐತೆ."

ಸೊಸೆಯ ತವರು ಡೆಂಕಣಿಕೋಟೆ ಕಡೆ. ಆಯುಧ ಪೂಜೆಯೆಂದರೆ ಒಂದು ಕಬ್ಬಿಣವನ್ನೂ ಬಿಡುವವಳಲ್ಲ. ಕುಡುಗೋಲು, ಈಳಿಗೆ ಮಣೆ, ಮಿಕ್ಸಿ, ಎಲ್ಲಕ್ಕೂ ಒದ್ದೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದಳು. ಕರಿ ಮುಚ್ಚಳಕ್ಕೂ ಮೇಲಿಂದ ಕೆಳಗಿನ ತನಕ ಬಳಿದಿದ್ದಳು. ಒಣಗಿದ್ದಾಗ ಏನೂ ಆಗಿರಲಿಲ್ಲ. ಮಳೆಯ ತೇವ ಕುಡಿದ ಮೇಲೆ ಅದೇ ಕಿಡಿಗೆ ಕಾಲುದಾರಿಯಾಯಿತು.

ಮಗ ಬಟ್ಟೆ ಹಿಡಿದು ಒರೆಸಲು ಹೋದ. ಸೊಸೆ ಅವನ ಕೈ ಹಿಡಿದಳು.

"ಬ್ಯಾಡ. ಪೂಜೆ ಮಾಡಿ ಮುತ್ತೈದೆ ಇಟ್ಟ ಕುಂಕುಮ ಅದು. ಒರೆಸಿ ಆಮೇಲೆ ಅದರ ಮೇಲೇ ಕೂತು ಹೊಲಕ್ಕೆ ಇಳೀತೀಯಾ?"

ಅವಳು ಹೆದರಿದ್ದು ಟ್ರಾಕ್ಟರಿಗೆ ಏನಾದೀತು ಎಂದಲ್ಲ, ಓಡಿಸುವವನಿಗೆ ಏನಾದೀತು ಎಂದು. ಮಗ ಬಟ್ಟೆ ಕೆಳಗಿಟ್ಟ. ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಹಾಗೆ ನೋಡುತ್ತಾ ನಿಂತರೆ ಹುರಳಿ ಚೀಲದಲ್ಲೇ ಉಳಿಯುತ್ತಿತ್ತು.

"ನೀವಿಬ್ರೂ ಮುಟ್ಬ್ಯಾಡಿ" ಎಂದೆ. "ನನ್ನ ಹಣೇದು ಯಾವತ್ತೋ ಒರೆಸಾಯ್ತು. ಇದನ್ನ ನಾನು ಒರೆಸಿದ್ರೆ ಇನ್ನೇನು ಹೋಯ್ತದೆ?"

"ಅತ್ತೆ, ಹಂಗೆಲ್ಲಾ ಅನ್ಬ್ಯಾಡಿ."

"ಇರೋದನ್ನೇ ಅಂದೆ. ಆ ಬಟ್ಟೆ ಇತ್ತ ಕೊಡು."

ಹಳೆ ಸೀರೆಯ ಚೂರನ್ನು ಪೆಟ್ರೋಲಿನಲ್ಲಿ ಅದ್ದಿ ಮುಚ್ಚಳವನ್ನು ತಿಕ್ಕಿದೆ. ಸಂದಿಯಲ್ಲಿ ಕೂತಿದ್ದನ್ನು ಪೊರಕೆ ಕಡ್ಡಿಯಿಂದ ಕೆರೆದೆ. ಸೊಸೆ ಬೇರೆ ಕಡೆ ತಿರುಗಿ ನಿಂತಿದ್ದಳು. ಮುಚ್ಚಳ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿದೆವು.

ಮಗ ನಲ್ಲಿ ಬಿಟ್ಟು ಹ್ಯಾಂಡ್ಲು ಎಳೆದ. ಇಂಜಿನ್ನು ಸೀನಿತು, ಕೆಮ್ಮಿತು, ಆಮೇಲೆ ಹಿಡಿಯಿತು. ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಅವನು ಹತ್ತಿ ಕೂರುವ ಮೊದಲು ಸೊಸೆ ಕುಂಕುಮದ ಬಟ್ಟಲು ಹಿಡಿದು ಓಡಿ ಬಂದಳು. ಮಗ ಮ್ಯಾಗ್ನೆಟ್ಟಿಗೆ ಅಡ್ಡ ನಿಂತ.

"ಅಲ್ಲಿಗಲ್ಲ ಕಣಯ್ಯ, ಅತ್ಲಾಗೆ ಸರ್ಕೋ" ಎಂದು ಅವಳು ನಕ್ಕು, ವೈರಿನಿಂದ ದೂರ, ಚಕ್ರದ ಮೇಲಿನ ತಗಡಿಗೆ ಬೊಟ್ಟಿಟ್ಟಳು. ಸಂಜೆಯೊಳಗೆ ಹೊಲ ಉತ್ತು ಹುರಳಿ ಚೆಲ್ಲಿ ಮುಗಿಸಿದೆವು. ಮೊಳಕೆ ಒಂದೇ ಸಮ ಬಂತು.

ಈ ವರ್ಷದ ಪೂಜೆಯಲ್ಲಿ ಸೊಸೆ ಕರಿ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರು ಕಟ್ಟಿ, ಕವರಿನ ಮೇಲೆ ವಿಭೂತಿ ಬಳಿದು ಕುಂಕುಮ ಇಟ್ಟಳು. ಮಾರನೆಯ ದಿನ ಅದನ್ನು ಬಿಚ್ಚುವ ಕೆಲಸ ಮಾತ್ರ ನನಗೆ ಬಿಟ್ಟಳು. ಬಿಚ್ಚಿದೆ.