ಮಣ್ಣಿನ ಗೋಡೆಗೆ ಸಾಲ

ನಾನು ಹೈದರಾಬಾದಿನ ತಾರ್ನಾಕದಲ್ಲಿ, ಬ್ಯಾಂಕಿನ ಮನೆಸಾಲದ ವಿಭಾಗದಲ್ಲಿದ್ದ ಕಾಲ. ಅತ್ತ ಮಾದಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಕೆಲಸಕ್ಕಿದ್ದವರು ಫ್ಲ್ಯಾಟ್ ಕೊಳ್ಳಲು ಬಂದರೆ ನಮ್ಮಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಬೀದರ್ ಕಡೆಯ ದಂಪತಿ ಬಂದು ನನ್ನೆದುರು ಕುಳಿತರು. ಗಂಡ ರಕ್ಷಣಾ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದರು. ನಾನು ಕನ್ನಡದವಳೆಂದು ತಿಳಿದದ್ದೇ ಹೆಂಡತಿಯ ಮುಖ ಅರಳಿತು.

"ಮಣ್ಣಿನ ಇಟ್ಟಂಗಿ ಮನಿ ಕಟ್ಟಾಕತ್ತೀವ್ರಿ," ಎಂದರು ಆಕೆ. "ಸಾಲ ಸಿಗ್ತೈತೇನ್ರಿ?"

ಪಾಯ ಅಗೆದ ಮಣ್ಣಿಗೇ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿದ ಇಟ್ಟಿಗೆ. ಭಟ್ಟಿಯಿಲ್ಲ, ಕಲ್ಲಿದ್ದಲಿಲ್ಲ, ಹೊಗೆಯಿಲ್ಲ. ಒಳಗೆ ತಂಪು. ಹೈದರಾಬಾದಿನ ಅಂಚಿನ ತಮ್ಮ ಸೈಟಿನಲ್ಲಿ, ಕೈಯಲ್ಲಿದ್ದ ದುಡ್ಡಿನಲ್ಲಿ ಆಗಲೇ ಒಂದು ಕೋಣೆ ಎಬ್ಬಿಸಿದ್ದರು.

ನಮ್ಮ ಬ್ಯಾಂಕಿನ ಎಂಜಿನಿಯರ್ ಹೋಗಿ ನೋಡಿ 'ಕಚ್ಚಾ ಮನೆ' ಎಂದು ಬರೆದುಬಿಟ್ಟರು. ಮ್ಯಾನೇಜರ್ ಆಗದೆಂದು ತಲೆಯಾಡಿಸಿದರು. "ನಾಳೆ ಇವರು ಕಂತು ಕಟ್ಟದಿದ್ದರೆ ಈ ಮಣ್ಣನ್ನು ಯಾರಿಗಮ್ಮಾ ಮಾರಲಿ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ದಂಪತಿಗೆ ನೇರವಾಗಿ 'ಇಲ್ಲ' ಎನ್ನದೆ, ಮ್ಯಾನೇಜರ್ ಅಂದದ್ದನ್ನಷ್ಟೇ ತಿಳಿಸಿದೆ.

"ಸಾಹೇಬ್ರು ಒಂದ್ಸಲ ಬಂದು ಒಳಗ ಕೂತು ಹೋಗ್ಲಿರಿ," ಎಂದರು ಆಕೆ. "ಕೂತ ಮ್ಯಾಲ ಬ್ಯಾಡ ಅಂದ್ರ ಬ್ಯಾಡ."

ಮೇ ತಿಂಗಳ ಉರಿ ಮಧ್ಯಾಹ್ನ ಮ್ಯಾನೇಜರನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಅವರು ದಾರಿಯುದ್ದಕ್ಕೂ ಗೊಣಗಿದರು. ಕೋಣೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮ್ಯಾನೇಜರ್ ಹಗ್ಗದ ಹೊರಸಿನ ಮೇಲೆ ಕುಳಿತು ಮಜ್ಜಿಗೆ ಕುಡಿದರು. ಮಳೆ ಬಂದರೆ ಹೇಗೆ, ಗೆದ್ದಲು ಹತ್ತಿದರೆ ಹೇಗೆ ಎಂದು ಗಂಡನನ್ನು ಕೇಳುತ್ತ ಕೇಳುತ್ತ ಅಲ್ಲಿಯೇ ಗೋಡೆಗೊರಗಿ ನಿದ್ದೆ ಹೋದರು.

ನಾವು ಮೂವರೂ ಬೆಕ್ಕಿನ ಹಾಗೆ ಹೊರಬಂದೆವು. ಗಂಡ ಹಿತ್ತಲಲ್ಲಿದ್ದ ಗೌಂಡಿಗಳ ಬಳಿ ಓಡಿ, "ಸಪ್ಪಳ ಮಾಡಬ್ಯಾಡ್ರಪಾ, ಸಾಹೇಬ್ರು ಮಲಗ್ಯಾರ," ಎಂದು ಕೈಮುಗಿದರು. ಬೇವಿನ ನೆರಳಲ್ಲಿ ಆಕೆ ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದರು:

"ನಮ್ದು ಶೀಟಿನ ಮನಿರಿ. ಬ್ಯಾಸಗ್ಯಾಗ ನನಗ ತಲಿ ಸಿಡೀತಿತ್ತು. ಇವ್ರು ಊಟದ ಬಿಡುವಿನ್ಯಾಗ ಸೈಕಲ್ ಹೊಡಕೊಂಡು ಬಂದು ಗೋಣಿಚೀಲ ತೋಯಿಸಿ ಶೀಟಿನ ಮ್ಯಾಲ ಹಾಸ್ತಿದ್ರು. ಊಟ ಮಾಡಾಕ ಹೊತ್ತ ಉಳೀತಿರ್ಲಿಲ್ಲ. ಹಂಗ ವಾಪಸ್."

"ಅದನ್ಯಾಕ ಹೇಳ್ತಿ ಈಗ," ಎಂದರು ಗಂಡ, ನಾಚಿಕೊಂಡು. ಆ ಮುಖ ನೋಡಿ, ಈ ಮನೆ ಯಾಕೆ ಬೇಕೆಂದು ನನಗೆ ಅರ್ಥವಾಯಿತು.

ಎದ್ದ ಮ್ಯಾನೇಜರ್ ಮುಖ ತೊಳೆದುಕೊಂಡು ಏನೂ ಆಗದವರಂತೆ ಹೊರಟರು. ಆಟೋದಲ್ಲಿ ಬಹಳ ದೂರ ಬಂದ ಮೇಲೆ, "ಫ್ಯಾನೂ ಇರಲಿಲ್ಲ ಅಲ್ಲವೇನಮ್ಮಾ?" ಎಂದರು. ಮರುದಿನ ಇಂಥ ಇಟ್ಟಿಗೆಯ ಕೆಲಸ ಬಲ್ಲ ಬೇರೊಬ್ಬ ಎಂಜಿನಿಯರನ್ನು ಹುಡುಕಿ ಕಳಿಸಿದರು. ಇಟ್ಟಿಗೆ ಪರೀಕ್ಷೆಯಲ್ಲಿ ಪಾಸಾಯಿತು. ಪ್ರಧಾನ ಕಚೇರಿಯೊಂದಿಗೆ ಫೋನಿನಲ್ಲಿ ಅವರು ಜಗಳವಾಡಿದ್ದು ಶಾಖೆಗೆಲ್ಲ ಕೇಳಿಸಿತು.

ಸಾಲ ಬಂತು, ಆದರೆ ಕೇಳಿದಷ್ಟು ಬರಲಿಲ್ಲ. ಮೇಲಿನ ಮಹಡಿ ಕೈಬಿಡಬೇಕಾಯಿತು. ನಾನು ಸಂಕೋಚದಿಂದ ಹೇಳಿದಾಗ ಆಕೆ, "ಇಬ್ಬರಿಗೆ ಮಾಳಿಗಿ ಯಾಕ್ರಿ?" ಎಂದು ನನ್ನ ಕೈ ಒತ್ತಿದರು.

ಗೃಹಪ್ರವೇಶಕ್ಕೆ ಮ್ಯಾನೇಜರ್ ತಮ್ಮ ಹೆಂಡತಿಯನ್ನು ಕರೆತಂದು, ಗೋಡೆಯ ಮೇಲೆ ಅಂಗೈ ಇಡಿಸಿ, ತೆಲುಗಿನಲ್ಲಿ ಅದೇನೋ ಹೆಮ್ಮೆಯಿಂದ ವಿವರಿಸುತ್ತಿದ್ದರು. ಊಟದ ಪಂಕ್ತಿಯಲ್ಲಿ ಪಕ್ಕದ ಬೀದಿಯ ಶಾಲೆಯ ಟೀಚರೊಬ್ಬರು, ತಮಗೂ ಇಂಥ ಮನೆಗೆ ಸಾಲ ಸಿಕ್ಕೀತೇ ಎಂದು ಕೇಳಿದರು. ನಾಳೆ ಬನ್ನಿ ಎಂದೆ. ಅವರು ಬಂದರು.