ನಮ್ಮಪ್ಪ ನಗು ಬಿಟ್ಟ ವರ್ಷ

ಶಲವಡಿಯಲ್ಲಿ ನಮ್ಮಪ್ಪ ಇನಾಸಪ್ಪನ ಮನೆ ಯಾವುದು ಎಂದು ಕೇಳಿದರೆ ಜನ, "ಯಾರು, ಆ ನಗೋ ಇನಾಸನ ಮನೀನೇನು?" ಎಂದು ಕೇಳಿಯೇ ದಾರಿ ತೋರಿಸುತ್ತಿದ್ದರು. ಊರಿನಲ್ಲಿ ಕ್ರೈಸ್ತರ ಮನೆ ಇದ್ದದ್ದೇ ಮೂರು. ಅಪ್ಪನ ಕಸುಬು ಚಕ್ಕಡಿ ಹೊಡೆಯುವುದು. ಊರಿನ ಹತ್ತಿ, ಕಡಲೆ ಅಣ್ಣಿಗೇರಿ ಸ್ಟೇಷನ್ನಿಗೆ ಹೋಗುತ್ತಿದ್ದವು, ಅಲ್ಲಿಂದ ಅಂಗಡಿಯವರ ಸಾಮಾನು ಊರಿಗೆ ಬರುತ್ತಿತ್ತು. ಒಂದು ಕೈಯಲ್ಲಿ ಬಾರುಕೋಲು, ಇನ್ನೊಂದರಲ್ಲಿ ಜಪಸರ. ಎತ್ತನ್ನು ಕತ್ತೆ ಎಂದು ಬೈಯುತ್ತಲೇ ಜಪ ನಡೆಯುತ್ತಿತ್ತು.

"ನಮೋ ಮರಿಯಾ... ಏ ಕತ್ತಿ, ಬಾಜು ಸರಿಯಲೇ... ವರಪ್ರಸಾದ ಪೂರ್ಣೆ..."

"ದೇವರ ತಾಯಿಗೆ ಕತ್ತಿ ಅಂತೀರೇನ್ರಿ? ನಾಲಿಗಿ ಬಿದ್ದು ಹೋದೀತು!" ಎಂದು ಅವ್ವ ಲೂರ್ದವ್ವ ಬೈಯುತ್ತಿದ್ದಳು.

"ಯಾವುದು ತನಗ, ಯಾವುದು ಎತ್ತಿಗೆ ಅಂತ ಆಕಿಗೆ ಗೊತ್ತಾಗತೈತಿ ಬಿಡ. ಆಕೀನೂ ಕತ್ತಿ ಮ್ಯಾಲೆ ಕುಂತು ಊರೂರು ತಿರಗ್ಯಾಳ," ಎಂದು ಅಪ್ಪ ಹೊಟ್ಟೆ ಕುಣಿಸಿ ನಗುತ್ತಿದ್ದ.

ಎತ್ತುಗಳ ಹೆಸರು ಪೊಂತ್ಯ ಮತ್ತು ಪಿಲಾತ. ಯೇಸುಸ್ವಾಮಿಗೆ ಮರಣದಂಡನೆ ಕೊಟ್ಟ ಪೊಂತ್ಯ ಪಿಲಾತ ಒಬ್ಬನೇ ಮನುಷ್ಯ. ನಮ್ಮಪ್ಪ ಮಾತ್ರ ಅವರನ್ನು ಇಬ್ಬರೆಂದೇ ನಂಬಿದ್ದ. ಅಷ್ಟು ದೊಡ್ಡ ಪಾಪ ಒಬ್ಬನಿಂದ ಆಗುವ ಕೆಲಸವಲ್ಲ ಎಂಬುದು ಅವನ ವಾದ. ಅದಕ್ಕೇ ಇಬ್ಬರಿಗೂ ಜೀವಮಾನವಿಡೀ ನೊಗ ಹೊರುವ ಶಿಕ್ಷೆ ಕೊಟ್ಟಿದ್ದ. ಫಾದರ್ ತಿದ್ದಿ ಹೇಳುವಷ್ಟರಲ್ಲಿ ಎತ್ತುಗಳಿಗೆ ಹೆಸರು ರೂಢಿಯಾಗಿಬಿಟ್ಟಿತ್ತು.

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ ಮುಂಚೆ ನಮಗೆ ನಲವತ್ತು ದಿನದ ತಪಸ್ಸುಕಾಲ. ಆಗ ಪ್ರತಿಯೊಬ್ಬರೂ ಇಷ್ಟದ ಏನಾದರೊಂದನ್ನು ಬಿಡಬೇಕು. ಇದರಲ್ಲಿ ಅಪ್ಪ ಪಕ್ಕಾ ಕಳ್ಳ. ಒಂದು ವರ್ಷ ಮಾಂಸ ಬಿಟ್ಟ. ಸುತ್ತ ಎಲ್ಲ ಲಿಂಗಾಯತರ ಮನೆಗಳು, ನಮ್ಮ ಒಲೆಯ ಮೇಲೆ ಮಾಂಸ ಬೇಯುತ್ತಿದ್ದದ್ದೇ ಕ್ರಿಸ್ಮಸ್ಸಿಗೊಮ್ಮೆ! ಇನ್ನೊಂದು ವರ್ಷ ಚಹಾ ಬಿಟ್ಟು ಕಷಾಯ ಹಿಡಿದ. ಆ ಕಷಾಯಕ್ಕೆ ಚಹಾಪುಡಿ ಹಾಕಿಸಿಕೊಳ್ಳುತ್ತಿದ್ದ.

ಎಪ್ಪತ್ತನಾಲ್ಕರಲ್ಲೋ ಎಪ್ಪತ್ತೈದರಲ್ಲೋ ಹೊಸ ಫಾದರ್ ಬಂದರು. ಚಿಕ್ಕ ವಯಸ್ಸು, ಮುಖದ ತುಂಬ ಗಾಂಭೀರ್ಯ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮೋಟಾರ್ ಸೈಕಲ್ ಮೇಲೆ ಬಂದು, ನಮ್ಮ ಪಡಸಾಲೆಯಲ್ಲೇ ಪೂಜೆ ಮಾಡಿ, ಎಲ್ಲರ ಹಣೆಗೆ ಬೂದಿ ಹಚ್ಚಿದರು. ಆಮೇಲೆ, "ಬೇಡವಾದದ್ದನ್ನು ಬಿಡುವುದು ತ್ಯಾಗವಲ್ಲ. ಎಲ್ಲಕ್ಕಿಂತ ಪ್ರೀತಿಯದನ್ನು ಬಿಡಿ," ಎಂದರು. ಅಪ್ಪ ತಲೆ ಕೆಳಗೆ ಹಾಕಿ ಕೂತ.

ಹೊರಗೆ ಬಂದರೆ ಬಾಜೂ ಮನೆಯ ಮಲ್ಲಕ್ಕ ನಿಂತಿದ್ದಳು, ಹಣೆಯ ತುಂಬ ವಿಭೂತಿ. "ಹಿಂಗ ಬಾ ದಾರಿಗೆ, ಇನಾಸಪ್ಪಾ! ನಾವು ದಿನಾ ಹಚ್ಚೂದನ್ನ ನೀವು ವರ್ಷಕ್ಕೊಮ್ಮೆ ಹಚ್ಚತೀರಿ. ಅದಕ್ಕೂ ಫಟಫಟಿ ಮ್ಯಾಲೆ ಒಬ್ಬಾಂವ ಬರಬೇಕು!"

ಬೇರೆ ದಿನವಾಗಿದ್ದರೆ ಅಪ್ಪ ಇದಕ್ಕೆ ನಾಲ್ಕು ಮಾತು ಸೇರಿಸಿ ಓಣಿಯನ್ನೇ ನಗಿಸುತ್ತಿದ್ದ. ಅವತ್ತು ಸೀದಾ ಒಳಗೆ ಹೋಗಿ ಅವ್ವನನ್ನು ಕೇಳಿದ. "ನನಗ ಎಲ್ಲಾದಕ್ಕಿಂತ ಪ್ರೀತಿದು ಏನ?"

ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆಯೇ, "ನಗೂದು, ನಗಸೂದು. ಬ್ಯಾರೆ ಏನೈತಿ ನಿಮ್ಮ ಹಂತ್ಯಾಕ?" ಎಂದಳು.

"ಹಂಗಾರ ಅದನ್ನ ಬಿಟ್ಟೆ. ಪಾಸ್ಕ ಹಬ್ಬದ ತನಕ."

ಆ ಮಾತನ್ನು ಯಾಕಾದರೂ ಆಡಿದೆನೋ ಎಂದು ಅವ್ವ ಆಮೇಲೆ ಎಷ್ಟು ಸಲ ಹಣೆ ಬಡಿದುಕೊಂಡಳೋ ಲೆಕ್ಕವಿಲ್ಲ.

ಮೊದಲು ಊರು ಇದನ್ನೂ ತಮಾಷೆ ಎಂದುಕೊಂಡಿತು. ಆಮೇಲೆ ಗಾಬರಿಯಾಯಿತು. ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಓಡಾಡುವ ಇನಾಸಪ್ಪನನ್ನು ಯಾರೂ ಕಂಡಿರಲಿಲ್ಲ. ಮಲ್ಲಕ್ಕ ಉಪ್ಪು, ಮೆಣಸಿನಕಾಯಿ ನಿವಾಳಿಸಿ ನಮ್ಮ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರಬಾರದು. ಇಲ್ಲಿ ನಾವೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆವು. "ದೃಷ್ಟಿ ಅಲ್ಲವ್ವಾ ಇದು, ಬ್ಯಾರೇನ ಐತಿ," ಎಂದು ಮಲ್ಲಕ್ಕ ಕಣ್ಣೊರೆಸಿಕೊಂಡಳು.

ಸ್ಟೇಷನ್ ಎದುರು ಚಹಾದಂಗಡಿಯ ಕಾಸೀಮಸಾಬ ಅಪ್ಪನ ಹಳೆಯ ಗೆಳೆಯ. ಅವನು ಕೈಯನ್ನೇ ಮುಗಿದ. "ರಮಜಾನದಾಗ ನಾವು ಉಗುಳ ಸೈತ ನುಂಗಂಗಿಲ್ಲೋ ಮಾರಾಯಾ. ಆದ್ರ ನಗೂದು ಬಿಟ್ಟಿಲ್ಲ. ನಿನ್ನ ಮಾರಿ ನೋಡಿ ನನ್ನ ಗಿರಾಕಿ ಅರ್ಧಾ ಚಾ ಬಿಟ್ಟು ಹೊಂಟಾರ. ಪಾಸ್ಕ ಆದ ಮ್ಯಾಲೆ ಬಾ ನೀ."

ಅಪ್ಪ ಚಹಾ ಕುಡಿದು ಎದ್ದು ಬಂದ. ನಾವೂ ಹೇಗೋ ಸಹಿಸಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ನನ್ನನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನವರು ಬರುತ್ತಾರೆ ಎಂದು ಸುದ್ದಿ ಬಂತು. ತಪಸ್ಸುಕಾಲದಲ್ಲಿ ಮದುವೆ ಮಾಡುವಂತಿಲ್ಲ, ಅದು ಪಾಸ್ಕ ಹಬ್ಬ ಆದ ಮೇಲೆಯೇ. ಮಾತುಕತೆಗೆ ಅಡ್ಡಿಯಿರಲಿಲ್ಲ.

ಹುಡುಗ ಚೌರಪ್ಪ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವನು ಮೊದಲೇ ಮನಸ್ಸಿಗೆ ಬಂದಿದ್ದ. ಕ್ರಿಸ್ಮಸ್ಸಿಗೆ ಹುಬ್ಬಳ್ಳಿಯ ಇಗರ್ಜಿಗೆ ಹೋದಾಗ ಅವನು ಬಾಲಯೇಸುವಿನ ಗೋದಲಿಯ ಮುಂದೆ ಒಂದು ಜೀವಂತ ಕುರಿಮರಿ ಎತ್ತಿಕೊಂಡು ನಿಂತಿದ್ದ. ಮರಿ ಅವನ ಹೊಸ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದುಬಿಟ್ಟಿತು. ಎಲ್ಲರಿಗಿಂತ ಮೊದಲು ನಕ್ಕವನು ಅವನೇ. ಅವನ ತಾಯಿ ತೀರಿದ ಮೇಲೆ ಮನೆಯಲ್ಲಿ ಯಾರೂ ದನಿಯೆತ್ತಿ ನಕ್ಕೇ ಇಲ್ಲವಂತೆ. ಅದಕ್ಕೇ ಅವನ ಅಜ್ಜಿ ಮದಲೇನವ್ವ, "ಆ ನಗೋ ಇನಾಸಪ್ಪನ ಮಗಳನ್ನ ನೋಡೂಣು," ಎಂದು ಹಟ ಹಿಡಿದಿದ್ದಳಂತೆ. ಅಯ್ಯ ನನ್ನ ಕರ್ಮವೇ, ಬರಬಾರದ ಕಾಲಕ್ಕೆ ಬಂದಿತ್ತು ಈ ಸಂಬಂಧ!

"ಒಂದ ದಿವಸ ನಗ್ರಿ, ನಿಮ್ಮ ಕಾಲಿಗೆ ಬೀಳತೇನಿ," ಎಂದಳು ಅವ್ವ.

"ದೇವರ ಮುಂದ ಆಡಿದ ಮಾತು," ಎಂದ ಅಪ್ಪ. ನನಗೆ ಸಿಟ್ಟು ನೆತ್ತಿಗೇರಿತು. ಕಷಾಯಕ್ಕೆ ಚಹಾಪುಡಿ ಹಾಕಿಸಿಕೊಂಡವನಿಗೆ ಈಗ ಎಲ್ಲಿಂದ ಬಂತು ಈ ಭಕ್ತಿ?

ಭಾನುವಾರ ಅಜ್ಜಿ, ಹುಡುಗ, ಹುಡುಗನ ತಂದೆ ರಾಯಪ್ಪ ಮೂವರೂ ರೈಲಿನಿಂದ ಇಳಿದರು. ಅಪ್ಪ ಚಕ್ಕಡಿಯಲ್ಲಿ ಕರೆತಂದ. ಅಣ್ಣಿಗೇರಿಯಿಂದ ಊರಿನವರೆಗೆ ತಾನಾಗಿ ತುಟಿ ಬಿಚ್ಚಲಿಲ್ಲವಂತೆ. ಅಜ್ಜಿಯೇ ಮಾತು ತೆಗೆದು, "ಎತ್ತಿನ ಹೆಸರೇನ್ರಿ ಬೀಗರ?" ಎಂದು ಕೇಳಿದಳಂತೆ. ನಿಜವಾದ ಹೆಸರು ಹೇಳಿದರೆ ಅವರು ನಗುತ್ತಾರೆ, ಅವರು ನಕ್ಕರೆ ತನಗೂ ನಗು ತಡೆಯುವುದಿಲ್ಲ. "ಎತ್ತು," ಎಂದನಂತೆ ಅಪ್ಪ. "ಎರಡಕ್ಕೂ?" "ಹೌದ್ರಿ, ಎರಡೂ ಎತ್ತ."

ಮನೆಯಲ್ಲಿ ಉಪ್ಪಿಟ್ಟು, ಚಹಾ ಆಯಿತು. ಅವ್ವ ಇಬ್ಬರ ಮಾತನ್ನೂ ತಾನೇ ಆಡಿ ಸುಸ್ತಾದಳು. ಅಪ್ಪ ಕಂಬಕ್ಕೆ ಒರಗಿ ಪಂಚನಾಮೆಗೆ ಬಂದ ಪೊಲೀಸನ ಹಾಗೆ ಕೂತಿದ್ದ. ಕೊನೆಗೆ ರಾಯಪ್ಪ ತಾಟು ಕೆಳಗಿಟ್ಟರು. "ನಿಮಗ ಮನಸ ಇದ್ದಂಗ ಕಾಣೂದಿಲ್ರಿ. ಒತ್ತಾಯ ಮಾಡೂದು ಬ್ಯಾಡ. ನಾವಿನ್ನ ಬರತೇವಿ," ಎಂದು ಎದ್ದೇಬಿಟ್ಟರು. ಚೌರಪ್ಪನ ಮುಖ ಬಾಡಿತು.

ನಾನು ಒಳಬಾಗಿಲ ಹಿಂದೆ ತಲೆ ತಗ್ಗಿಸಿ ನಿಲ್ಲಬೇಕಾದವಳು. ಎಲ್ಲಿಯ ತಲೆ, ಎಲ್ಲಿಯ ತಗ್ಗಿಸುವುದು! ಪಡಸಾಲೆಗೆ ನುಗ್ಗಿ, "ಅಪ್ಪಾ, ನಗಬ್ಯಾಡ, ಬಾಯಿ ಬಿಟ್ಟು ಹೇಳರ ಹೇಳು! ಯಾಕ ನಗವಲ್ಲಿ ಅಂತ ಇವರಿಗೆ ಹೇಳು!" ಎಂದು ಕೂಗಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಅಪ್ಪ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ ಹೇಳಿದ. "ತಪಸ್ಸುಕಾಲಕ್ಕ ನಗೂದು ಬಿಟ್ಟೇನ್ರಿ. ಈ ಹುಡುಗಿಗೆ ಚಲೋ ಮನಿ ಸಿಗಲಿ ಅಂತ ಹರಕಿ. ನಗಿ ಬಿಟ್ರ ದೇವರಿಗೆ ಕೊಡಾಕ ನನ್ನ ಹಂತ್ಯಾಕ ಬ್ಯಾರೇನೂ ಇರಲಿಲ್ರಿ."

ಇದು ಅವ್ವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾನು ಹೋಗಿ ಅಪ್ಪನ ಪಕ್ಕದಲ್ಲಿ ಕೂತುಬಿಟ್ಟೆ.

ಮದಲೇನವ್ವ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. "ಇವತ್ತ ಯಾವ ವಾರ?"

"ಐತವಾರ್ರಿ."

"ಐತವಾರ ತಪಸ್ಸುಕಾಲದ ಲೆಕ್ಕಕ್ಕ ಬರಂಗಿಲ್ಲೋ ಹುಚ್ಚಪ್ಪಾ! ಸ್ವಾಮಿ ಸಮಾಧಿಯಿಂದ ಎದ್ದ ದಿನ ಅದು. ಅವತ್ತ ಅಳೋ ಮಾರಿ ಮಾಡ್ಕೊಂಡು ಕುಂತ್ರ ದೇವರ ಬೈತಾನ. ಬಿಟ್ಟದ್ದನ್ನ ಐತವಾರ ತಗೋಬಹುದು. ಬೂದಿ ಬುಧವಾರದಿಂದ ಎಣಿಸಿ ನೋಡು, ಐತವಾರ ಬಿಟ್ಟರ ನಲವತ್ತು ಕೂಡೂದು."

ಅಪ್ಪ ಬೆರಳು ಮಡಚುತ್ತ ಎಣಿಸತೊಡಗಿದ. ನಡುವೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ. "ಖರೇನ್ರಿ? ಐತವಾರ ಇಲ್ಲ?"

"ಇಲ್ಲಂದ್ರ ಇಲ್ಲ."

"ಅಂದ್ರ ಇಷ್ಟು ಐತವಾರ ನಾ ಪುಕ್ಕಟ ಸುಮ್ಮನಿದ್ದೆ?"

ಮೊದಲು ಅಪ್ಪನ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಬಂತು ನೋಡಿ ನಗು, ಮನೆಯ ಜಂತಿಯಲ್ಲಿದ್ದ ಪಾರಿವಾಳಗಳು ಹಾರಿಹೋದವು! ಮಲ್ಲಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಬಂತವ್ವಾ ಬಂತು, ಇನಾಸಪ್ಪಗ ಜೀವ ಬಂತು!" ಅಪ್ಪ ನೆಲ ಬಡಿದು ನಗುತ್ತ, "ಎತ್ತಿನ ಹೆಸರು ಕೇಳಿದ್ರೆಲ್ಲ ಆಯಿ, ಒಂದು ಪೊಂತ್ಯ, ಒಂದು ಪಿಲಾತ," ಎಂದ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ರಾಯಪ್ಪ ಮೊದಲು ಕೆಮ್ಮಿದರು, ಆಮೇಲೆ ದನಿಯೆತ್ತಿ ನಕ್ಕರು. ಚೌರಪ್ಪ ನಗುವುದನ್ನು ಬಿಟ್ಟು ತಂದೆಯ ಮುಖವನ್ನೇ ನೋಡುತ್ತಿದ್ದ.

"ಎಲಿ-ಅಡಿಕಿ ತರ್ರಿ. ಇದ ಮನಿ, ಇದ ಹುಡುಗಿ. ದನೀನೂ ಗಟ್ಟಿ ಐತಿ," ಎಂದಳು ಅಜ್ಜಿ.

ಸೋಮವಾರ ಬೆಳಿಗ್ಗೆ ಅಪ್ಪ ಮತ್ತೆ ಗಂಟುಮುಖ ಹಾಕಿದ. "ಗಂಡು ಗೊತ್ತಾತಲ್ರಿ, ಇನ್ನ್ಯಾಕ?" ಎಂದಳು ಅವ್ವ. "ಬೇಡಿದ್ದು ಕೊಟ್ಟ ಮ್ಯಾಲೆ ದೇವರಿಗೆ ಟೊಪಗಿ ಹಾಕಲೇನು?" ಎಂದ ಅಪ್ಪ. ಆದರೆ ಐತವಾರ ಬಂತೆಂದರೆ ನಮ್ಮ ಕಟ್ಟೆ ತುಂಬುತ್ತಿತ್ತು. ವಾರದ ನಗುವನ್ನೆಲ್ಲ ಅಪ್ಪ ಒಂದೇ ದಿನ ತೀರಿಸುತ್ತಿದ್ದ. ಕಾಸೀಮಸಾಬನೂ ಅಂಗಡಿ ಮುಚ್ಚಿ ಬರುತ್ತಿದ್ದ.

ಪಾಸ್ಕ ಹಬ್ಬ ಮುಗಿದ ಮುಂದಿನ ವಾರ ನನ್ನ ಮದುವೆಯಾಯಿತು. ಅಪ್ಪ ಎರಡು ದಿನ ಬೀಗರನ್ನೂ ಫಾದರನ್ನೂ ನಗಿಸಿ ನಗಿಸಿ ಸುಸ್ತು ಮಾಡಿದ. ಆ ಗಂಭೀರ ಫಾದರು ಪಾಯಸ ಮೂಗಿಗೆ ಹತ್ತಿಸಿಕೊಂಡು ಕೆಮ್ಮಿದರು. ನನ್ನನ್ನು ಕಳಿಸಿಕೊಡಲು ಅಣ್ಣಿಗೇರಿ ಸ್ಟೇಷನ್ನಿಗೆ ಬಂದ ಅಪ್ಪ ಮಾತ್ರ ರೈಲಿನ ಕಿಟಕಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ. ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಪಾಸ್ಕ ಆಗಿ ಹೋತಲ್ಲ. ಇನ್ನರ ನಗು," ಎಂದೆ.

"ನಗಾಕತ್ತೇನಲ್ಲವ್ವಾ, ಕಾಣವಲ್ದೇನು?" ಎಂದ ಅಪ್ಪ, ರುಮಾಲಿನ ಸೆರಗಿನಿಂದ ಒಂದು ಕಣ್ಣು ಒರೆಸಿ, ಮತ್ತೊಂದು ಒರೆಸುವಷ್ಟರಲ್ಲಿ ರೈಲು ಹೊರಟಿತು.