ಗೌರಿ ಹೂವಿನ ಸರದಿ

ನಮ್ಮೂರ ಹಿಂದಿನ ಗುಡ್ಡ ಸುಟ್ಟ ವರ್ಷ ಗೌರಿ ಹೂವು ತರುವ ಸರದಿ ನನ್ನದಾಗಿತ್ತು. ಮಳವಳ್ಳಿ ಕಡೆಯ ಗುಡ್ಡಗಳಲ್ಲಿ ಬಳ್ಳಿಯಲ್ಲಿ ಬಿಡುವ ಹೂವು ಇದು. ಎಸಳಿನ ಬುಡ ಹಳದಿ, ತುದಿ ಕೆಂಪು. ಗೆಡ್ಡೆ ವಿಷ, ದನ ಬಾಯಿ ಹಾಕುವುದಿಲ್ಲ. ಹಬ್ಬದ ಹಿಂದಿನ ದಿನ ನಮ್ಮ ವಂಶದ ಒಬ್ಬ ಗಂಡಸು ಬರಿಗಾಲಲ್ಲಿ ಗುಡ್ಡ ಹತ್ತಿ, ಮಂಕರಿ ತುಂಬ ಇದನ್ನು ಕಿತ್ತು ತಂದು ಬಾವಿಕಟ್ಟೆಯ ಮೇಲೆ ಇಡಬೇಕು. ಅದು ಬಂದ ಮೇಲೆಯೇ ಊರ ಹೆಂಗಸರು ಗೌರಮ್ಮನನ್ನು ಕೂರಿಸುವುದು. ಒಂದು ವರ್ಷ ಅಣ್ಣ, ಒಂದು ವರ್ಷ ನಾನು. ಅಪ್ಪ ಸತ್ತ ಮೇಲೆ ಗದ್ದೆ, ಎತ್ತು, ಹಿತ್ತಲು ಎಲ್ಲವೂ ಪಾಲಾದವು. ಜಗಳವಿಲ್ಲದೆ ಪಾಲಾದದ್ದು ಇದೊಂದೇ.

ನಾನು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ ಬಿಡಿಸಿದರು ಅನ್ನಬೇಕು. ಮನೆಗೆ ಒಬ್ಬ ದುಡಿಯುವವನು ಬೇಕಿತ್ತು, ಅಣ್ಣ ಓದಿನಲ್ಲಿ ಚುರುಕಾಗಿದ್ದ. ಅವನು ಓದಿ ಊರ ಹಾಲಿನ ಡೇರಿಗೆ ಸೆಕ್ರೆಟರಿಯಾದ. ನಾನು ಊರೂರು ಅಲೆದು ಕಬ್ಬು ಕಡಿದೆ, ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ಬೆಂದೆ, ಪಾಲಿಗೆ ಬಂದ ಕಲ್ಲುನೆಲವನ್ನು ಗದ್ದೆ ಮಾಡಿದೆ. ಯಾರ ಮನೆ ಬಾಗಿಲಲ್ಲೂ ಕೈಕಟ್ಟಿ ನಿಂತಿಲ್ಲ.

ಬೆಂಕಿ ಬಿದ್ದದ್ದು ಯುಗಾದಿಗೆ ಮುಂಚೆ. ಗುಡ್ಡದ ಬುಡದಲ್ಲಿ ಅಣ್ಣನ ಗದ್ದೆ, ಅದಕ್ಕೆ ಅಂಟಿಕೊಂಡು ನನ್ನದು. ಅವನ ಕಬ್ಬು ಕಟಾವಾಗಿ ನೆಲದ ತುಂಬ ಒಣ ರವದಿ ಬಿದ್ದಿತ್ತು. ನಮ್ಮ ಕಡೆ ಈ ಸೋಗೆ ತರಗನ್ನೆಲ್ಲ ಸುಟ್ಟು, ಕಡಿದ ಬುಡ ಮತ್ತೆ ಚಿಗುರಲೆಂದು ನೀರು ಹಾಯಿಸುತ್ತಾರೆ. ಸುಡುವುದಕ್ಕೂ ಒಂದು ಕ್ರಮವಿದೆ. ಬದುವಿನ ಸುತ್ತ ಕೆರೆದು ಬರಿನೆಲ ಮಾಡಬೇಕು. ಹೊತ್ತಿಳಿದು ಗಾಳಿ ಕೂತ ಮೇಲೆ ಹಚ್ಚಬೇಕು. ಆರುವ ತನಕ ಹಸಿ ಸೊಪ್ಪು ಹಿಡಿದು ಅಲ್ಲೇ ಕಾಯಬೇಕು. ಅವತ್ತು ನಾಲೆಗೆ ನೀರು ಬಿಟ್ಟಿದ್ದರು. ನೀರು ನಿಲ್ಲುವುದರೊಳಗೆ ಹಾಯಿಸಿಕೊಳ್ಳುವ ಆತುರಕ್ಕೆ ಅಣ್ಣ ನಡುಮಧ್ಯಾಹ್ನವೇ ಕಡ್ಡಿ ಗೀರಿದ. ಆಮೇಲೆ ಡೇರಿಯಲ್ಲಿ ಏನೋ ಕೆಲಸ ನೆನಪಾಗಿ ಬೈಕು ಹತ್ತಿದ. ನನ್ನ ಬದುವಿನಿಂದ ನೋಡುತ್ತಲೇ ಇದ್ದ ನಾನು ಕೂಗಿದೆ. ಅವನು ಕೈ ಬೀಸಿ ಹೋದ.

ಬೆಂಕಿ ಬದು ದಾಟಿ ಗುಡ್ಡದ ಹುಲ್ಲಿಗೆ ಹತ್ತುವಾಗ ಅಲ್ಲಿದ್ದವನು ನಾನೊಬ್ಬನೇ. ಹೊಂಗೆಯ ಕೊಂಬೆ ಮುರಿದುಕೊಂಡು ಬಡಿದೆ. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಲಂಟಾನದ ಪೊದೆ ಭಗ್ಗೆನ್ನುತ್ತಿತ್ತು. ಗೌಜಲಹಕ್ಕಿಗಳು ಹೊಗೆಯೊಳಗಿಂದ ಎದ್ದು ನನ್ನ ಎದೆಗೇ ಬಡಿದವು. ಊರಿನ ಹುಡುಗರು ಬರುವ ಹೊತ್ತಿಗೆ ಬೆಂಕಿ ನೆತ್ತಿ ಮುಟ್ಟಿತ್ತು.

ಸಂಜೆ ಗುಡ್ಡ ಕಾಯುವ ಗಾರ್ಡು ಡೇರಿಯ ಮುಂದೆ ಜನರನ್ನು ಸೇರಿಸಿ, "ಯಾರಯ್ಯಾ ಹಚ್ಚಿದ್ದು?" ಅಂದ. ಹಾಲು ಹಾಕಲು ಬಂದವರೆಲ್ಲ ನನ್ನ ಕಡೆ ತಿರುಗಿದರು. ಮೈಯೆಲ್ಲ ಮಸಿ, ಬೆವರಿಗೆ ಅಂಟಿದ ಅಂಗಿಯ ಜೇಬಲ್ಲಿ ಬೆಂಕಿಪೊಟ್ಟಣ ಎದ್ದು ಕಾಣುತ್ತಿತ್ತು. ಅಣ್ಣ ಒಗೆದ ಅಂಗಿ ತೊಟ್ಟು ಹಾಲಿನ ಕ್ಯಾನಿನ ಪಕ್ಕ ನಿಂತಿದ್ದ. ನಾನು ಅವನನ್ನೇ ನೋಡಿದೆ. ಅವನು ಕ್ಯಾನಿನ ಮುಚ್ಚಳ ನೋಡಿದ.

"ನಾನಲ್ಲ" ಅಂದೆ. ಒಂದೇ ಸಲ. ಎರಡನೇ ಸಲ ಹೇಳಿದರೆ ಬೇಡಿಕೊಂಡ ಹಾಗಾಗುತ್ತದೆ. ಅಣ್ಣನ ಹೆಸರನ್ನು ನಾನು ಎತ್ತಲಿಲ್ಲ. ಅದು ಅವನ ಬಾಯಲ್ಲೇ ಬರಬೇಕಾದ ಮಾತು. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಆ ಬೇಸಿಗೆಯೆಲ್ಲ ಕಾದೆ.

ಮಳೆ ಬಿತ್ತು. ಬೂದಿಯ ಮೇಲೆ ಮೊದಲು ಹುಲ್ಲು, ಆಮೇಲೆ ತುಂಬೆ, ಅಣ್ಣೆ ಹೂವು. ಭಾದ್ರಪದ ಹತ್ತಿರ ಬರುವ ಹೊತ್ತಿಗೆ ಗೌರಿ ಹೂವಿನ ಬಳ್ಳಿಗಳು ಕರಿ ಬಂಡೆಗಳ ಮೇಲೆಲ್ಲ ಹಬ್ಬಿದವು. ಮದ್ದೂರಿನಿಂದ ಹುಡುಗರು ಬೈಕಿನಲ್ಲಿ ಬಂದು ಫೋಟೋ ಹಿಡಿದುಕೊಂಡು ಹೋದರು.

ಹಬ್ಬಕ್ಕೆ ಇನ್ನೂ ದಿನವಿರುವಾಗಲೇ ಊರ ಯಜಮಾನ ನಮ್ಮ ಜಗಲಿಗೆ ಬಂದು ಕೂತ.

"ಈ ಸಲ ನಿಮ್ಮಣ್ಣ ಓಗ್ಲಿ ಬುಡ್ಲಾ."

"ಸರದಿ ನಂದು."

"ಗುಡ್ಡ ಸುಟ್ಟ ಕೈಲಿ ಊ ತಂದ್ರೆ ಪೂಜೆ ಮಾಡಕಿಲ್ಲ ಅಂತಾವ್ರೆ ಎಂಗಸ್ರು. ನಾನೇನ್ಲಾ ಮಾಡ್ಲಿ?"

"ನಾನು ಆರ್ಸಕ್ಕೆ ಓಗಿದ್ದೆ."

"ಆರ್ಸಕ್ಕೆ ಓದೋನು ಬೆಂಕಿಪೊಟ್ಣ ಯಾಕ್ಲಾ ಮಡಿಕಂಡಿದ್ದೆ?"

ಒಳಗಿನಿಂದ ನನ್ನ ಹೆಂಡತಿ ಬಾಗಿಲಿಗೆ ಬಂದಳು. "ಬೀಡಿ ಅಚ್ಚಕ್ಕೆ ಕಣ್ ಮಾವ. ನಿಮ್ ಜೇಬಲ್ಲಿರೋದೇನು, ದೇವ್ರ ಕರ್ಪೂರವಾ?"

ಯಜಮಾನ ತನ್ನ ಜೇಬು ಮುಟ್ಟಿಕೊಂಡು ನಕ್ಕ. "ಬುಡವ್ವ, ಸಿಟ್ಟಾಗ್ಬ್ಯಾಡ. ನೋಡು, ಗುಡ್ಡ ಎಂಗೆ ಊ ಬುಟ್ಟೈತೆ. ಗುಡ್ಡನೇ ಮರ್ತ್ಬುಡ್ತು. ನಾವೂ ಮರ್ತಿದ್ದೀವಿ."

"ಮರ್ತಿದ್ರೆ ನನ್ನೇ ಕಳ್ಸಿ ಮತ್ತೆ" ಅಂದೆ.

ಅವನು ಟವೆಲು ಕೊಡವಿ ಎದ್ದ. ಅವನ ಮನೆಯ ಹಾಲೂ ಅಣ್ಣನ ಡೇರಿಗೇ ಹೋಗುವುದು.

ಹಬ್ಬದ ಹಿಂದಿನ ದಿನ ನಾನು ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆ. ಅಣ್ಣ ಬರಿಗಾಲಲ್ಲಿ ಗುಡ್ಡ ಹತ್ತಿ ಹೋದ. ಸೊಂಟ ನೆಟ್ಟಗೆ ಮಾಡಿಕೊಂಡು ಮೇಲೆ ನೋಡಿದಾಗ ಅಷ್ಟು ದಿನ ಕಣ್ಣಿಗೆ ಬೀಳದ್ದು ಬಿತ್ತು. ಬೆಂಕಿ ತಾಕದ ಕಡೆ ಲಂಟಾನ ಕವಿದು ಒಂದು ಹೂವೂ ಇರಲಿಲ್ಲ. ಸುಟ್ಟ ಕಡೆ ಮಾತ್ರ ಹೂವು. ನೆತ್ತಿಯಲ್ಲಿ ಅಗಲವಾಗಿ ಹರಡಿದ ಆ ಕೆಂಪು ಹಳದಿ ಪಟ್ಟೆ ಇಳಿಯುತ್ತ ಇಳಿಯುತ್ತ ಸಣ್ಣದಾಗಿ ಬಂದು ಅಣ್ಣನ ಗದ್ದೆಯ ಮೂಲೆಗೆ ಮುಟ್ಟಿತ್ತು. ಬೆಂಕಿ ಎಲ್ಲಿಂದ ಹೋಯಿತೆಂದು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ತಲೆಯೆತ್ತಿದ್ದರೆ ಸಾಕಿತ್ತು.

ಅಣ್ಣ ಅದೇ ಪಟ್ಟೆಯ ನಡುವೆ ಮಂಕರಿ ಹೊತ್ತು ಇಳಿದು ನನ್ನ ಬದುವಿನ ಹತ್ತಿರ ನಿಂತ.

"ಯಾವ್ ವರ್ಸಾನೂ ಇಷ್ಟೊಂದು ಬುಟ್ಟಿರ್ಲಿಲ್ಲ ಕಣ್ಲಾ."

"ಎಲ್ಲಿಂದ ಸುರುವಾಗೈತೆ ನೋಡ್ದಾ?"

ಅವನು ತಿರುಗಿ ನೋಡಿದ. ತುಂಬಾ ಹೊತ್ತು ನೋಡಿದ. ಈಗ ಬಂತು ಮಾತು ಅಂದುಕೊಂಡೆ. ಅವನು ಮಂಕರಿಗೆ ಕೈ ಹಾಕಿ ಒಂದು ಹಿಡಿ ಹೂವು ತೆಗೆದು ಚಾಚಿದ.

"ಮನೆಗೆ ತಗಂಡೋಗು."

"ನಿಂಗೇ ಬೇಕಾಯ್ತದೆ, ಮಡಿಕೊ."

ಹೂವನ್ನು ಮತ್ತೆ ಮಂಕರಿಗೆ ಹಾಕಿಕೊಂಡು ಹೋದ. ಆ ಹಬ್ಬಕ್ಕೆ ನನ್ನ ಹೆಂಡತಿ ಬಾವಿಕಟ್ಟೆಗೆ ಹೋಗಲಿಲ್ಲ.

ಎರಡು ವರ್ಷ ಬಿಟ್ಟು ನನ್ನ ಸರದಿ ಮತ್ತೆ ಬಂದಾಗ ಯಜಮಾನ ತಾನಾಗಿಯೇ ಬಂದು ಕರೆದ. ಮೊದಲು ಅಣ್ಣ ಡೇರಿ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಲಿ ಎಂದೆ. ಅವನು ಹೇಳಲಿಲ್ಲ, ನಾನು ಹೋಗಲಿಲ್ಲ. ಅಲ್ಲಿಂದಾಚೆಗೆ ಪ್ರತಿವರ್ಷವೂ ಅಣ್ಣನೇ ಹತ್ತುತ್ತಾನೆ. ಜಂಬ ಜಾಸ್ತಿ ನನಗೆ ಅನ್ನುತ್ತಾರೆ ಊರಲ್ಲಿ. ಅನ್ನಲಿ. ಇರುವುದು ಅದೊಂದೇ.

ಈಗ ಗುಡ್ಡದ ಮೇಲೆ ಲಂಟಾನ ಮತ್ತೆ ಬೆಳೆದಿದೆ. ಆ ಪಟ್ಟೆ ಅಳಿಸಿಹೋಗಿದೆ. ಹೋದ ಹಬ್ಬಕ್ಕೆ ಅಣ್ಣ ಅರ್ಧ ಮಂಕರಿಯನ್ನೂ ತುಂಬಿಸಲಾರದೆ, ಮುಳ್ಳು ಗೀರಿದ ಕಾಲಲ್ಲಿ ಇಳಿದು ಬಂದ. ಅವನಿಗೂ ವಯಸ್ಸಾಗಿದೆ. ನನ್ನ ಬದುವಿನ ಹತ್ತಿರ ನಿಂತು ಉಸಿರು ಬಿಟ್ಟ.

"ಊವೇ ಇಲ್ಲ ಕಣ್ಲಾ ಈ ಸಲ."

ಕುಡುಗೋಲು ಆಡಿಸುತ್ತಿದ್ದ ನಾನು ತಲೆ ಎತ್ತಲಿಲ್ಲ.

"ಇನ್ನೊಂದು ಕಡ್ಡಿ ಗೀರು" ಅಂದೆ.